ಆಂಟಿಸೆಪ್ಟಿಕ್ ಹಚ್ಚಿದ ಮೇಲೂ ರಕ್ತಕ್ಕೆ ಕೀಟಾಣು ಹೋಗುತ್ತದಾ?

ಪ್ರಶ್ನೆ: ಅಪ್ಪನಿಗೆ ಕುತ್ತಿಗೆಯ ಕ್ಯಾಥೆಟರ್ (ರಕ್ತನಾಳಕ್ಕೆ ಹಾಕಿದ ಟ್ಯೂಬ್) ಮೂಲಕ ಡಯಾಲಿಸಿಸ್ ನಡೆಯುತ್ತಿದೆ. ಕಳೆದ ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ಶುರುವಾದ ಸ್ವಲ್ಪ ಹೊತ್ತಿಗೇ ನಡುಕ ಬಂತು, ಜ್ವರ ಏರಿತು. ಬ್ಲಡ್ ಕಲ್ಚರಿನಲ್ಲಿ (ರಕ್ತದಲ್ಲಿ ಕೀಟಾಣು ಬೆಳೆಯುತ್ತದಾ ಎಂದು ನೋಡುವ ಪರೀಕ್ಷೆ) 'ಬರ್ಕೋಲ್ಡೇರಿಯಾ ಸೆಪೇಸಿಯಾ' ಎಂಬ ಕೀಟಾಣು ಬಂದಿದೆ. ಅಲ್ಲಿನ ಸಿಬ್ಬಂದಿ ಆಂಟಿಸೆಪ್ಟಿಕ್ ಹಚ್ಚದೆ ಟ್ಯೂಬ್ ಮುಟ್ಟುವುದೇ ಇಲ್ಲ. ರಿಪೋರ್ಟ್ ತಪ್ಪು ಅಲ್ವಾ? (ಬದಿಯಡ್ಕದ ಓದುಗರು)

ಉತ್ತರ: ಕೇರಳ ಗಡಿಯ ತಲಪಾಡಿಯ ಆಚೆಯವರೂ ಈಚೆಯವರೂ ಇದನ್ನೇ ಕೇಳುತ್ತಾರೆ. ಆಂಟಿಸೆಪ್ಟಿಕ್ ಹಚ್ಚಿದ್ದಾರೆ ಅಂದ ಮಾತ್ರಕ್ಕೆ ರಿಪೋರ್ಟ್ ತಪ್ಪಾಗುವುದಿಲ್ಲ.

ಸೆಪೇಸಿಯಾ ಮಣ್ಣು, ನೀರಿನಲ್ಲಿ ಇರುವ ಬ್ಯಾಕ್ಟೀರಿಯಾ. 1950ರಲ್ಲಿ ಅಮೆರಿಕದ ವಾಲ್ಟರ್ ಬರ್ಕೋಲ್ಡರ್ ಇದನ್ನು ವಿವರಿಸಿದ್ದು ಈರುಳ್ಳಿ ಕೊಳೆಸುವ ಕೀಟಾಣು ಎಂದು. ಗಟ್ಟಿಮುಟ್ಟಾಗಿರುವವರಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಆದರೆ ರಕ್ತನಾಳದಲ್ಲಿ ಟ್ಯೂಬ್ ಇರುವವರಿಗೆ ಅಪಾಯ ಜಾಸ್ತಿ.

ಇನ್ನು 'ಆಂಟಿಸೆಪ್ಟಿಕ್ ಬಾಟಲಿಯೊಳಗೆ ಯಾವ ಕೀಟಾಣುವೂ ಬದುಕುವುದಿಲ್ಲ' ಎಂಬ ನಂಬಿಕೆ. ಎಷ್ಟು ಸಲ ಹೇಳಿದರೂ ಹೋಗುವುದಿಲ್ಲ! ಸೆಪೇಸಿಯಾ ಅಲ್ಲೇ ಬದುಕುತ್ತದೆ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಆಂಟಿಸೆಪ್ಟಿಕ್ಕನ್ನು ಒಡೆದು ಜೀರ್ಣಿಸಿಕೊಳ್ಳುವ ಶಕ್ತಿಯೂ ಅದಕ್ಕುಂಟು. ಟ್ರಾಲಿಯ ಮೇಲಿನ ಸ್ಟೀಲ್ ಡಬ್ಬಿ ನೋಡಿದ್ದೀರಲ್ಲ? ನಿನ್ನೆ ನೆನೆಸಿಟ್ಟ ಹತ್ತಿ, ಅದರ ಮೇಲೆ ಬೆಳಿಗ್ಗೆ ಮತ್ತೊಂದಿಷ್ಟು ದ್ರಾವಣ. ಹತ್ತಿ ಈ ಮದ್ದನ್ನು ಹೀರಿಕೊಂಡು ಅದರ ಬಲ ಕುಂದಿಸುತ್ತದೆ. ನೀರು ಬೆರೆಸಿದ್ದರೆ ಇನ್ನೂ ಕಷ್ಟ. ಅಯೋಡಿನ್ನಿನ ಕಂದು ದ್ರಾವಣವೂ ಹೊರತಲ್ಲ. 1980ರ ಸುಮಾರಿಗೆ ಅಮೆರಿಕದಲ್ಲಿ ಪೊವಿಡೋನ್ ಅಯೋಡಿನ್ ಬಾಟಲಿಯೊಳಗೇ ಇದು ಸಿಕ್ಕಿತ್ತು. ಆಗ ರೋಗಿಗಳ ರಕ್ತದಲ್ಲಿ ಕೀಟಾಣು ಇರಲಿಲ್ಲ, ಹಚ್ಚಿದ ಮದ್ದಿನಿಂದ ಸ್ಯಾಂಪಲ್ಲಿಗೆ ಸೇರಿಕೊಂಡಿತ್ತು. ಅಂದರೆ ರಿಪೋರ್ಟ್ ದಾರಿ ತಪ್ಪಿಸುವುದೂ ಉಂಟು, ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ನಿಮ್ಮ ಅಪ್ಪನಿಗೆ ನಡುಕ, ಜ್ವರ ಎರಡೂ ಬಂದಿವೆ. ಕ್ಯಾಥೆಟರ್ ಮತ್ತು ಕೈ, ಎರಡೂ ಕಡೆಯ ರಕ್ತದಲ್ಲಿ ಅದೇ ಬೆಳೆದಿದ್ದರೆ ಇದು ನಿಜವಾದ ಸೋಂಕೇ ಆಗಿರುವ ಸಾಧ್ಯತೆ ಹೆಚ್ಚು.

ರಿಪೋರ್ಟಿನಲ್ಲಿ 'ಕೊಲಿಸ್ಟಿನ್ ರೆಸಿಸ್ಟೆಂಟ್' (ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ನಾಟುವುದಿಲ್ಲ) ಎಂದು ಬರೆದಿದ್ದರೆ ಹೆದರಬೇಡಿ, ಇದರ ಹುಟ್ಟುಗುಣವೇ ಅದು. ಸೆಫ್ಟಾಜಿಡೈಮ್, ಮೆರೊಪೆನೆಮ್, ಕೋಟ್ರೈಮಾಕ್ಸಜೋಲ್‌ಗಳಲ್ಲಿ ಯಾವುದು ನಾಟುತ್ತದೆ ಎಂದು ರಿಪೋರ್ಟ್ ನೋಡಿ ಡಾಕ್ಟರು ಆರಿಸುತ್ತಾರೆ. ಕ್ಯಾಥೆಟರ್ ತೆಗೆಯಬೇಕು ಅಂದರೆ ಹಠ ಮಾಡಬೇಡಿ.

ನೀವು ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಇದೇ ಬರ್ಕೋಲ್ಡೇರಿಯಾ ಕುಟುಂಬದಲ್ಲಿ 'ಸೂಡೋಮ್ಯಾಲೈ' ಎಂಬ ಇನ್ನೊಂದಿದೆ. ಮೆಲಿಯಾಯ್ಡೋಸಿಸ್ ಎಂಬ ಗಂಭೀರ ಸೋಂಕು ತರುವುದು ಅದು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗದ್ದೆ, ತೋಟದ ಕೆಸರಿನಿಂದ ಬರುತ್ತದೆ, ಸಕ್ಕರೆ ಕಾಯಿಲೆಯವರನ್ನು ಹೆಚ್ಚು ಹಿಡಿಯುತ್ತದೆ. ಲ್ಯಾಬಿನ ಯಂತ್ರ ಕೆಲವೊಮ್ಮೆ ಅದನ್ನೇ ಸೆಪೇಸಿಯಾ ಎಂದು ತೋರಿಸುವುದುಂಟು. ಟ್ಯೂಬ್, ಡ್ರಿಪ್ ಏನೂ ಇಲ್ಲದ, ಸಕ್ಕರೆ ಕಾಯಿಲೆ ಇರುವ ಕೃಷಿಕರ ರಕ್ತದಲ್ಲಿ ಸೆಪೇಸಿಯಾ ಎಂದು ಬಂದರೆ, ಇನ್ನೊಮ್ಮೆ ಖಚಿತ ಮಾಡಿ ಎಂದು ಡಾಕ್ಟರಲ್ಲಿ ಕೇಳಿ. ಎರಡರ ಚಿಕಿತ್ಸೆ ಬೇರೆ, ಮೆಲಿಯಾಯ್ಡೋಸಿಸ್‌ಗೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾಗುತ್ತದೆ.