ಹಚ್ಚಿದರೆ ಮಾಯ, ಬಿಟ್ಟರೆ ಹಾಜರು

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಮಾಡುವ ಹೆಣ್ಣುಮಗಳೊಬ್ಬರು ಹುಬ್ಬಳ್ಳಿಯ ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದರು. ಒಂದು ಕೈಯಲ್ಲಿ ಚರ್ಮರೋಗ ವೈದ್ಯರು ಪರೀಕ್ಷೆಗೆಂದು ಬರೆದ ಚೀಟಿ, ಇನ್ನೊಂದರಲ್ಲಿ ಹಿಂಡಿ ಹಿಂಡಿ ಚಪ್ಪಟೆಯಾದ ಮುಲಾಮಿನ ಟ್ಯೂಬ್. ಲಂಗದ ಲಾಡಿ ಬಿಗಿಯುವ ಸೊಂಟದ ಸುತ್ತ ಎದ್ದ ಗಜಕರ್ಣ ಉಂಗುರದೊಳಗೆ ಉಂಗುರವಾಗಿ ಬೆನ್ನಿಗೂ ಹಬ್ಬಿತ್ತು. “ಮೇಡಂ, ಹಚ್ಚಿದರೆ ನಾಲ್ಕು ದಿನ ಮಾಯ, ಬಿಟ್ಟರೆ ಮತ್ತೆ ಹಾಜರು. ನನ್ನ ಮೈಗೇ ಔಷಧ ಒಗ್ಗುವುದಿಲ್ಲವೇನೋ” ಎಂದರು.

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರ ಮೈಯಲ್ಲಿ ಯಾವ ದೋಷವೂ ಇರಲಿಲ್ಲ. ಔಷಧಕ್ಕೆ ಒಗ್ಗಿಕೊಂಡಿದ್ದು ಚರ್ಮದ ಮೇಲಿನ ಶಿಲೀಂಧ್ರ.

ನಾನು ಸಂಶೋಧನೆ ಆರಂಭಿಸಿದ್ದು ಬ್ಯಾಕ್ಟೀರಿಯಾಗಳಿಂದ. ಸಂಜೆ ಪ್ರಯೋಗಾಲಯದ ಪೋಷಕಾಂಶ ತುಂಬಿದ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರಿ ಆಂಟಿಬಯೋಟಿಕ್ ಬಿಲ್ಲೆಗಳನ್ನಿಟ್ಟರೆ ಮರುದಿನ ಯಾವ ಔಷಧ ಗೆದ್ದಿತು, ಯಾವುದು ಸೋತಿತು ಎಂಬುದು ಕಣ್ಣಿಗೇ ಕಾಣುತ್ತಿತ್ತು. ಚರ್ಮದ ಶಿಲೀಂಧ್ರ ಹಾಗಲ್ಲ. ತಟ್ಟೆಯಲ್ಲಿ ಬೆಳೆಯಲು ಎರಡರಿಂದ ನಾಲ್ಕು ವಾರ ಬೇಕು. ಇದನ್ನು ಹಿಡಿದರೆ ಪಿಎಚ್.ಡಿ. ಮುಗಿಯುವುದಿಲ್ಲ ಎಂದು ಹಿರಿಯರು ಹೆದರಿಸಿದ್ದರು. ಆದರೂ ಹಿಡಿದೆ, ಏಕೆಂದರೆ ಇಲ್ಲಿ ನಮ್ಮ ಬತ್ತಳಿಕೆಯೇ ಸಣ್ಣದು. ಬ್ಯಾಕ್ಟೀರಿಯಾದ ಕೋಶ ನಮ್ಮ ಕೋಶಕ್ಕೆ ಬಲು ದೂರದ್ದು, ಶಿಲೀಂಧ್ರದ್ದು ಹತ್ತಿರದ ದಾಯಾದಿ. ನಮಗೆ ಪೆಟ್ಟಾಗದಂತೆ ಅದನ್ನು ಮಾತ್ರ ಹೊಡೆಯುವ ಔಷಧಗಳು ಬೆರಳೆಣಿಕೆಯ ಗುಂಪುಗಳಲ್ಲಿವೆ. ಒಂದು ಕೈತಪ್ಪಿದರೂ ದೊಡ್ಡ ನಷ್ಟ.

ಕೈತಪ್ಪುತ್ತಿರುವುದು ಗಜಕರ್ಣಕ್ಕೆ ಕೊಡುವ ಟರ್ಬಿನಾಫಿನ್ ಎಂಬ ಔಷಧ. ಶಿಲೀಂಧ್ರ ತನ್ನ ಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ಕೊಬ್ಬನ್ನು ತಯಾರಿಸಿಕೊಳ್ಳುತ್ತದೆ. ಆ ತಯಾರಿಗೆ ಬೇಕಾದ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವನ್ನು ಟರ್ಬಿನಾಫಿನ್ ಕಟ್ಟಿಹಾಕುತ್ತದೆ. ಕಿಣ್ವದ 397ನೇ ಸ್ಥಾನದಲ್ಲಿ ಫಿನೈಲಾಲನಿನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಬಂದು ಕೂತರೆ ಸಾಕು, ಔಷಧದ ಹಿಡಿತ ಜಾರುತ್ತದೆ. ಅರೆಬರೆ ಚಿಕಿತ್ಸೆಯಲ್ಲಿ ಬೇರೆ ಶಿಲೀಂಧ್ರಗಳು ಸತ್ತು ಇಂಥವು ಬದುಕುತ್ತವೆ, ಟವೆಲ್ ಮೂಲಕ ಮನೆಮಂದಿಗೆಲ್ಲ ಹರಡುತ್ತವೆ. 2020ರಲ್ಲಿ ಜಪಾನಿನ ಸಂಶೋಧಕರು ಈ ಶಿಲೀಂಧ್ರಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶವಿದೆ. 2023ರಲ್ಲಿ ನ್ಯೂಯಾರ್ಕ್‌ನಿಂದಲೂ ಇದರ ವರದಿ ಬಂತು.

ಆ ಹೆಣ್ಣುಮಗಳ ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಮೂರು ಹೆಸರುಗಳಿದ್ದವು: ಶಿಲೀಂಧ್ರಕ್ಕೊಂದು ಔಷಧ, ಬೇಡದ ಒಂದು ಆಂಟಿಬಯೋಟಿಕ್, ಜೊತೆಗೆ ಕ್ಲೊಬೆಟಾಸಾಲ್. ಈ ಕೊನೆಯದು ಬಲು ಪ್ರಬಲ ಸ್ಟೀರಾಯ್ಡ್. ತುರಿಕೆ, ಕೆಂಪು ಎರಡನ್ನೂ ಬೇಗ ಅಡಗಿಸುತ್ತದೆ, ಹಾಗಾಗಿಯೇ ‘ಮಾಯ’. ಆದರೆ ಕೆಂಪಾಗುವುದು ಚರ್ಮ ಹೋರಾಡುತ್ತಿರುವ ಗುರುತು. ಆ ಹೋರಾಟವನ್ನೇ ಅಡಗಿಸಿದರೆ ಶಿಲೀಂಧ್ರಕ್ಕೆ ಹಬ್ಬ. ಕೇಂದ್ರ ಸರ್ಕಾರ 2018ರಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅವರಿಗೆ ಮಾತ್ರ ಅದು ಯಾವ ಚೀಟಿಯೂ ಇಲ್ಲದೆ ಸಿಕ್ಕಿತ್ತು. ಇದಕ್ಕೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಮೆಣಸಿನಕಾಯಿ ಹೊಲದ ಮಾತನ್ನೂ ಹೇಳಿಬಿಡುತ್ತೇನೆ. ಬೆಳೆಗೆ ಸಿಂಪಡಿಸುವ ಟೆಬುಕೊನಜೋಲ್, ಹೆಕ್ಸಾಕೊನಜೋಲ್‌ಗಳು ಆಸ್ಪತ್ರೆಯಲ್ಲಿ ಶಿಲೀಂಧ್ರಕ್ಕೆ ಕೊಡುವ ಅಜೋಲ್ ಔಷಧಗಳ ಬಳಗದವೇ. ಅಜೋಲ್‌ಗೆ ಬಗ್ಗದ ಆಸ್ಪರ್ಜಿಲಸ್ ಎಂಬ ಇನ್ನೊಂದು ಶಿಲೀಂಧ್ರ ಭಾರತದ ಮಣ್ಣಿನಲ್ಲಿರುವುದು 2012ರಲ್ಲೇ ವರದಿಯಾಗಿದೆ. ಅದು ಕಾಡುವುದು ಶ್ವಾಸಕೋಶವನ್ನು. ಗಜಕರ್ಣದ ದಾರಿ ಬೇರೆ, ಆದರೆ ಔಷಧ ಕಳೆದುಕೊಳ್ಳುವ ರೀತಿ ಒಂದೇ.

ಪರೀಕ್ಷೆಗೆ ಬರುವವರು ದಯವಿಟ್ಟು ಅದಕ್ಕೆ ಮುಂಚಿನ ಕೆಲವು ದಿನ ಗಜಕರ್ಣ ಎದ್ದ ಜಾಗಕ್ಕೆ ಏನನ್ನೂ ಹಚ್ಚಬೇಡಿ. ಎಷ್ಟು ದಿನ ಎಂಬುದನ್ನು ವೈದ್ಯರು ಹೇಳುತ್ತಾರೆ. ಮುಲಾಮು ಸವರಿದ ಚರ್ಮದಲ್ಲಿ ಶಿಲೀಂಧ್ರ ಇದ್ದರೂ ತಟ್ಟೆಯಲ್ಲಿ ಮೇಲೇಳದೆ ಹೋಗಬಹುದು. ನಾವು ಉಂಗುರದ ಅಂಚಿನ ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ನೆನೆಸಿ ಸೂಕ್ಷ್ಮದರ್ಶಕದಡಿ ಇಡುತ್ತೇವೆ. ಶಿಲೀಂಧ್ರದ ಕವಲೊಡೆದ ಎಳೆಗಳು ಅಲ್ಲೇ ಕಾಣುತ್ತವೆ. ಅಷ್ಟಕ್ಕೆ ನೋವೂ ಇಲ್ಲ, ಹೆಚ್ಚು ಹೊತ್ತೂ ಬೇಡ.

ಆ ಹೆಣ್ಣುಮಗಳ ಶಿಲೀಂಧ್ರ ನಾವಿಟ್ಟ ಅತಿ ಹೆಚ್ಚಿನ ಪ್ರಮಾಣದ ಟರ್ಬಿನಾಫಿನ್‌ನಲ್ಲೂ ಬೆಳೆಯಿತು. ವೈದ್ಯರು ಅಜೋಲ್ ಗುಂಪಿನ ಇಟ್ರಕೊನಜೋಲ್‌ಗೆ ಬದಲಿಸಿದರು. ವಾರಗಟ್ಟಲೆ ನುಂಗಿದ ಮೇಲೆ ಸೊಂಟ ತಿಳಿಯಾಯಿತು. ಮುಂದಿನ ಭೇಟಿಗೆ ಇಬ್ಬರು ಮಕ್ಕಳನ್ನೂ ಅತ್ತೆಯನ್ನೂ ಕರೆತಂದರು. ಮನೆಯಲ್ಲಿ ನಾಲ್ವರಿಗೂ ಒಂದೇ ಟವೆಲ್ ಎಂಬುದು ಅವತ್ತು ತಿಳಿಯಿತು. ಮೂವರ ಚರ್ಮದ ಹೊಟ್ಟು ಈಗ ನನ್ನ ತಟ್ಟೆಗಳಲ್ಲಿದೆ. ಎರಡನೇ ವಾರ ನಡೆಯುತ್ತಿದೆ, ಚಿಕ್ಕವನ ತಟ್ಟೆಯಲ್ಲಿ ಬಿಳಿ ಬೂಷ್ಟು ಕಾಣಿಸಿಕೊಂಡಿದೆ.