ತಗಡಿನ ಕೆಳಗೆ ಬರಿಮೈ ಥರ್ಮಾಕೋಲ್

ಮಾರ್ಚ್ ಬಂತೆಂದರೆ ಬಳ್ಳಾರಿಯಲ್ಲಿ ನನ್ನ ಫೋನಿಗೆ ಬಿಡುವಿರುವುದಿಲ್ಲ. ‘ಸರ್, ಮೇಲಿನ ರೂಮಿನ್ಯಾಗ ಕೂಡಾಕ ಆಗವಲ್ದು, ಏನರ ಮಾಡ್ರಿ’ ಎಂಬ ಮಾತಿನಿಂದಲೇ ದಿನ ಶುರು. ಮೇಲಿನ ರೂಮು ಎಂದರೆ ಟೆರೇಸಿನ ಮೇಲೆ ನಾಲ್ಕು ಗೋಡೆ ಎಬ್ಬಿಸಿ ತಗಡು ಹೊದಿಸಿದ ರೂಮು. ಮಗ ಓದುವುದು ಅಲ್ಲೇ, ಬಾಡಿಗೆಗೆ ಕೊಡುವುದೂ ಅದನ್ನೇ. ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನ ಅಲ್ಲಿ ಫ್ಯಾನ್ ಹಾಕಿದರೆ ಮುಖಕ್ಕೆ ಬರೀ ಬಿಸಿಗಾಳಿ. ಅವರ ಕಷ್ಟ ನನಗೆ ಗೊತ್ತು. ನಾನೂ ಅಂಥ ರೂಮಿನಲ್ಲೇ ಓದಿದವನು.

ಹೋಗಿ ನೋಡಿ ಅಂದಾಜು ಪಟ್ಟಿ ಬರೆದುಕೊಡುತ್ತೇನೆ. ತಗಡಿನ ಕೆಳಗೆ 50 ಎಂಎಂ ಥರ್ಮಾಕೋಲ್ ಶೀಟು, ಅದರ ಕೆಳಗೆ ಫ್ರೇಮು ಕಟ್ಟಿ ಜಿಪ್ಸಮ್ ಬೋರ್ಡು. ಮನೆಯವರು ಪಟ್ಟಿ ಓದಿ ಸೀದಾ ಬೋರ್ಡಿನ ಸಾಲಿನ ಮೇಲೆ ಬೆರಳಿಡುತ್ತಾರೆ. ‘ಇದೊಂದು ತೆಗೀರಿ ಸರ್. ಶೋಕಿ ನಮಗ್ಯಾಕ? ದೀಪಾವಳಿಗೆ ನೋಡೂಣು.’ ದೀಪಾವಳಿ ಬರುತ್ತದೆ, ಹೋಗುತ್ತದೆ. ಥರ್ಮಾಕೋಲ್ ಹಾಗೇ ಇರುತ್ತದೆ. ಅದರ ಕೆಳಗೇ ಗ್ಯಾಸ್ ಒಲೆ, ದೇವರ ದೀಪ, ಮೊಬೈಲ್ ಚಾರ್ಜರ್.

ಕೇಳಿ ಕೇಳಿ ಸಾಕಾಗಿದೆ. ಸೀಲಿಂಗ್ ಚೆಂದ ಕಾಣಲಿ ಅಂತ ನಾನು ಆ ಬೋರ್ಡು ಬರೆಯುವುದಿಲ್ಲ. ಬೆಂಕಿಗೂ ಥರ್ಮಾಕೋಲಿಗೂ ನಡುವೆ ಏನಾದರೂ ಅಡ್ಡ ಇರಬೇಕು ಅಂತ ಬರೆಯುತ್ತೇನೆ.

ನಂಬದವರನ್ನು ಹೊರಗೆ ಅಂಗಳಕ್ಕೆ ಕರೆದುಕೊಂಡು ಹೋಗುತ್ತೇನೆ. ಪಕ್ಕದಲ್ಲಿ ಒಂದು ಬಕೆಟ್ ನೀರು. ಅಂಗೈ ಅಗಲದ ತುಂಡನ್ನು ಇಕ್ಕಳದಲ್ಲಿ ಹಿಡಿದು ಕೆಳಗೆ ಕಡ್ಡಿ ಗೀರುತ್ತೇನೆ. ಮನೆಯೊಳಗೆ ಯಾರೂ ಇದನ್ನು ಮಾಡಬೇಡಿ. ಮೊದಲು ಥರ್ಮಾಕೋಲ್ ಉರಿಯಿಂದ ಹಿಂದೆ ಸರಿದು ಸುಕ್ಕುಗಟ್ಟುತ್ತದೆ. ‘ನೋಡ್ರಿ, ಹತ್ಲಿಲ್ಲ’ ಎನ್ನುತ್ತಾರೆ. ಅಷ್ಟರಲ್ಲಿ ಅಂಚು ಹೊತ್ತಿಕೊಳ್ಳುತ್ತದೆ. ಕರಗಿದ ಹನಿ ಉರಿಯುತ್ತಲೇ ತೊಟ್ಟಿಕ್ಕುತ್ತದೆ, ನೆಲಕ್ಕೆ ಬಿದ್ದ ಮೇಲೂ ಉರಿಯುತ್ತದೆ. ಕಪ್ಪು ಹೊಗೆ ಏಳುತ್ತದೆ, ಅದರೊಳಗೆ ಮಸಿಯ ಎಳೆಗಳು ಹಾರಾಡುತ್ತವೆ. ಅಂಗೈಯಗಲಕ್ಕೆ ಇಷ್ಟು. ಹತ್ತಕ್ಕೆ ಹನ್ನೆರಡು ಅಡಿ ರೂಮಿನಲ್ಲಿ 120 ಚದರ ಅಡಿ ಥರ್ಮಾಕೋಲ್ ನಿಮ್ಮ ಹಾಸಿಗೆಯ ಮೇಲೆ ಇರುತ್ತದೆ.

ಥರ್ಮಾಕೋಲ್ ಅಂದರೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕು. ಅದರ ಗಾತ್ರದಲ್ಲಿ ಶೇ 98ರಷ್ಟು ಗಾಳಿ. ಶಾಖ ತಡೆಯುವುದು ಆ ಗಾಳಿಯೇ, ಸುಡುವುದು ಉಳಿದ ಪ್ಲಾಸ್ಟಿಕ್ಕು. ಈಗ ಬಂದಿರುವ ಪಿಯು, ಅಂದರೆ ಪಾಲಿಯುರೆಥೇನ್, ಫೋಮ್ ಸ್ಪ್ರೇ, ಗುಲಾಬಿ, ನೀಲಿ ಬಣ್ಣದ ಎಕ್ಸ್‌ಪಿಎಸ್ ಎಂಬ ಗಟ್ಟಿ ಪಾಲಿಸ್ಟೈರೀನ್ ಶೀಟು ಎಲ್ಲವೂ ಹೀಗೇ ಸುಡುವ ಪ್ಲಾಸ್ಟಿಕ್ ಫೋಮುಗಳೇ. ಪಿಯು ಸುಟ್ಟರೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಸೈನೈಡ್ ಅನಿಲವೂ ಇರುತ್ತದೆ. 2003ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಒಂದು ನೈಟ್‌ಕ್ಲಬ್ಬಿನಲ್ಲಿ 100 ಜನ ಸತ್ತರು. 2013ರಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾ ಊರಿನಲ್ಲಿ 242 ಜನ. ಎರಡೂ ಕಡೆ ಸದ್ದು ತಡೆಯಲು ಹಚ್ಚಿದ್ದ ಫೋಮಿಗೆ ಯಾವ ಹೊದಿಕೆಯೂ ಇರಲಿಲ್ಲ, ಪಟಾಕಿಯಂಥ ಬಾಣದ ಕಿಡಿ ತಾಗಿತು. ಬಾಗಿಲಿಗೆ ಹೋಗುವಷ್ಟು ಹೊತ್ತೂ ಎಷ್ಟೋ ಜನಕ್ಕೆ ಸಿಗಲಿಲ್ಲ. ನಮ್ಮ ಮೇಲಿನ ರೂಮಿಗೆ ಇರುವುದು ಒಂದೇ ಬಾಗಿಲು, ಒಂದೇ ಕಬ್ಬಿಣದ ಮೆಟ್ಟಿಲು.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ. ‘ಅಂಗಡಿಯವ ಎಫ್‌ಆರ್ ಶೀಟ್ ಕೊಟ್ಟಾನ್ರೀ, ಬೆಂಕಿ ಹತ್ತಂಗಿಲ್ಲಂತ.’ ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಎಫ್‌ಆರ್ ಅಂದರೆ ಫೈರ್ ರಿಟಾರ್ಡೆಂಟ್, ಅಂದರೆ ಬೆಂಕಿಯನ್ನು ತಡಮಾಡುವಂಥದ್ದು. ಸಣ್ಣ ಕಿಡಿ ತಾಗಿದರೆ ಹಬ್ಬುವುದಿಲ್ಲ, ಕಡ್ಡಿ ತೆಗೆದರೆ ತಾನಾಗಿ ಆರುತ್ತದೆ. ಅದರ ಭರವಸೆ ಅಷ್ಟೇ. ಕೆಳಗೆ ಹಾಸಿಗೆಯೋ ಪರದೆಯೋ ಉರಿಯುತ್ತಿದ್ದರೆ ಆ ಉರಿಯನ್ನು ತೆಗೆಯುವವರು ಯಾರು? ಅದು ಅಲ್ಲೇ ನಿಂತು ಸುಡುತ್ತಿರುತ್ತದೆ. ಆಗ ಎಫ್‌ಆರ್ ಶೀಟೂ ಕರಗುತ್ತದೆ, ಉರಿಯುತ್ತದೆ, ಹೊಗೆ ಬಿಡುತ್ತದೆ. ತಗೊಳ್ಳುವುದಾದರೆ ಎಫ್‌ಆರ್ ಶೀಟನ್ನೇ ತಗೊಳ್ಳಿ, ಸಾದಾ ಶೀಟಿಗಿಂತ ಅದು ಮೇಲು. ಆದರೆ ಅದಕ್ಕೂ ಹೊದಿಕೆ ಬೇಕು. ಇನ್ನೊಮ್ಮೆ ಹೇಳುತ್ತೇನೆ, ಎಫ್‌ಆರ್ ಶೀಟಿಗೂ ಹೊದಿಕೆ ಬೇಕು.

ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ ಶೀಟಿದ್ದರೆ ‘ಇದೇ ಹೊದಿಕೆ ಅಲ್ವಾ’ ಎನ್ನುವವರಿದ್ದಾರೆ. ಅಲ್ಲ. ಆ ತೆಳು ಹಾಳೆ ತಗಡಿನ ಶಾಖವನ್ನು ಹಿಂದಕ್ಕೆ ಕಳಿಸುತ್ತದೆ, ಬೆಂಕಿಯನ್ನು ತಡೆಯುವುದಿಲ್ಲ. ಈಚೆಗೆ ಪಿವಿಸಿ ಪ್ಯಾನೆಲ್ ಜಾಸ್ತಿ ಓಡುತ್ತಿದೆ. ನೋಡಲು ನುಣುಪು, ಒರೆಸಲು ಸುಲಭ, ನಿಜ. ಆದರೆ ಸುಮಾರು 80 ಡಿಗ್ರಿಗೇ ಅದು ಮೆತ್ತಗಾಗಿ ಜೋತುಬೀಳುತ್ತದೆ. ಅದು ಕಳಚಿದ ಮೇಲೆ ಥರ್ಮಾಕೋಲ್ ಮತ್ತೆ ಬರಿಮೈ. ಇನ್ನು ಥಿನ್ನರ್ ಬೆರೆಸಿದ ಬಣ್ಣವನ್ನು ನೇರವಾಗಿ ಬಳಿಯಬೇಡಿ, ಥರ್ಮಾಕೋಲ್ ಕರಗಿ ಗುಂಡಿ ಬೀಳುತ್ತದೆ.

ಜಿಪ್ಸಮ್ ಬೋರ್ಡೇ ಯಾಕೆ? ಜಿಪ್ಸಮ್ ಕಲ್ಲಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ನೀರು, ಅದು ಹರಳಿನೊಳಗೇ ಕಟ್ಟಿಕೊಂಡಿರುತ್ತದೆ. ಮುಟ್ಟಿದರೆ ಬೋರ್ಡು ಒಣಗಿದ್ದೇ. ಬೆಂಕಿ ತಾಗಿದಾಗ ಆ ನೀರು ಆವಿಯಾಗಿ ಹೊರಬರುತ್ತದೆ. ನೀರೆಲ್ಲ ಹೋಗುವ ತನಕ ಬೋರ್ಡಿನ ಹಿಂಬದಿ 100 ಡಿಗ್ರಿಗಿಂತ ಅಷ್ಟೇನೂ ಹೆಚ್ಚು ಕಾಯುವುದಿಲ್ಲ. ಅಮೆರಿಕದ ಮನೆ ಕಟ್ಟುವ ನಿಯಮದಲ್ಲಿ ಜನ ಇರುವ ಕೋಣೆಯ ಫೋಮಿನ ಮೇಲೆ ಅರ್ಧ ಇಂಚಿನ, ಅಂದರೆ 12.5 ಎಂಎಂ ಸುಮಾರಿನ, ಜಿಪ್ಸಮ್ ಬೋರ್ಡು ಹಾಕಬೇಕು ಅಂತಿರುವುದು ಬೆಂಕಿಯ ಶಾಖವನ್ನು 15 ನಿಮಿಷ ತಡೆಯುವ ಲೆಕ್ಕದಲ್ಲಿ. ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಷ್ಟು ಹೊತ್ತು. ಸಂದುಗಳನ್ನು ಟೇಪು, ಪುಟ್ಟಿ ಹಾಕಿ ಮುಚ್ಚಿದ್ದರೆ, ಸ್ಕ್ರೂ ಸರಿಯಾಗಿ ಬಿದ್ದಿದ್ದರೆ ಮಾತ್ರ ಈ ಲೆಕ್ಕ. ಬೋರ್ಡು ಹಾಕಿದರೆ ಏನೂ ಆಗುವುದಿಲ್ಲ ಅಂತ ನಾನು ಬರೆದುಕೊಡಲಾರೆ. ಹೊತ್ತು ಸಿಗುತ್ತದೆ, ಅಷ್ಟು ಹೇಳಬಲ್ಲೆ.

ಶಾಖ ತಡೆಯಲು ಕೆಲವರು ಹಾಕಿಸುವ ಗ್ಲಾಸ್‌ವುಲ್ ವಿಷಯ ಬೇರೆ. ಅದು ಗಾಜಿನ ಎಳೆ, ಥರ್ಮಾಕೋಲಿನಂತೆ ಹೊತ್ತಿ ಉರಿಯುವುದಿಲ್ಲ. ಆದರೂ ಬರಿಮೈಯಲ್ಲಿ ಬಿಡುವಂಥದ್ದಲ್ಲ. ಒಂದು ಜೀನ್ಸ್ ಹೊಲಿಯುವ ಶೆಡ್ಡಿಗೆ ಹೋಗಿದ್ದೆ. ತಗಡಿನ ಕೆಳಗೆ ಗ್ಲಾಸ್‌ವುಲ್ ಹಾಕಿ ಕೋಳಿ ಜಾಲರಿ ಕಟ್ಟಿ ಬಿಟ್ಟಿದ್ದರು. ಫ್ಯಾನ್ ತಿರುಗಿದಂತೆ ಎಳೆ ಉದುರುತ್ತಿತ್ತು. ಹೊಲಿಯುವ ಹೆಣ್ಣುಮಕ್ಕಳ ಮುಂಗೈ ತುಂಬ ಕೆಂಪು ಗೀರು. ಅವರು ನೀಲಿ ಬಣ್ಣದಿಂದ ತುರಿಕೆ ಅಂದುಕೊಂಡಿದ್ದರು. ಮಷೀನಿನ ಮೇಲೆ ಟಾರ್ಚ್ ಓರೆಯಾಗಿ ಹಿಡಿದೆ, ಕಪ್ಪು ಮೈಯ ಮೇಲೆ ಎಳೆಗಳು ಮಿಣಮಿಣ ಹೊಳೆದವು. ಕ್ಯಾನ್ಸರ್ ಬರುತ್ತದೆಯೇ ಅಂತ ಒಬ್ಬರು ಹೆದರಿ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2001ರಲ್ಲಿ ಪರಿಶೀಲಿಸಿ, ಹಾಗೆ ಹೇಳಲು ಸಾಕಷ್ಟು ಆಧಾರವಿಲ್ಲ ಎಂದಿದೆ. ಚರ್ಮ, ಕಣ್ಣು, ಗಂಟಲಿಗೆ ಕಿರಿಕಿರಿ ಮಾತ್ರ ಖಂಡಿತ. ಕೆಳಗೆ ಬೋರ್ಡು ಹೊಡೆಸಿದ ಮೇಲೆ ತುರಿಕೆ ನಿಂತಿತು.

ನಮ್ಮವರು ಹೊದಿಕೆ ಬೇಡ ಅನ್ನುವುದಕ್ಕೆ ಜಿಪುಣತನ ಕಾರಣ ಅಂತ ನನಗೆ ಅನಿಸುವುದಿಲ್ಲ. ಕೊಪ್ಪಳದ ಕಡೆ ನಮ್ಮ ಅಜ್ಜನದು ಮಣ್ಣಿನ ಮಾಳಿಗೆ ಮನೆ. ತೊಲೆ, ಜಂತಿ, ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಗೇಣು ದಪ್ಪ ಮಣ್ಣು. ಮಳೆಗಾಲಕ್ಕೆ ಮುಂಚೆ ಅಜ್ಜ ಸವಳು ಮಣ್ಣು ಹೊತ್ತು ಮೇಲೆ ಹರಡುತ್ತಿದ್ದ. ಮೇ ತಿಂಗಳಲ್ಲೂ ಒಳಗೆ ತಂಪು. ಮಣ್ಣು ಬಿಸಿಲನ್ನೂ ತಡೆಯುತ್ತಿತ್ತು, ತಾನೂ ಸುಡುತ್ತಿರಲಿಲ್ಲ. ಅದರಲ್ಲಿ ಬೆಳೆದವರಿಗೆ ತಂಪು ಕೊಡುವ ವಸ್ತುವೇ ಸುಡುತ್ತದೆ ಅಂದರೆ ನಂಬುವುದು ಕಷ್ಟ.

ವೈರಿನ ಬಗ್ಗೆ ಒಂದು ಮಾತು. ಪಿವಿಸಿ ವೈರು ಥರ್ಮಾಕೋಲಿಗೆ ತಾಗಿಕೊಂಡೇ ಇರಬಾರದು. ವೈರನ್ನು ಮೆತ್ತಗಿಡುವ ಎಣ್ಣೆಯಂಥ ಅಂಶವನ್ನು ಥರ್ಮಾಕೋಲ್ ಹೀರಿಕೊಳ್ಳುತ್ತದೆ. ಕೆಲವು ವರ್ಷಕ್ಕೆ ವೈರಿನ ಹೊರಮೈ ಗಡುಸಾಗಿ ಬಿರಿಯುತ್ತದೆ. ಪೈಪಿನೊಳಗೆ ಹಾಕಿಸಿ. ಮೇಲ್ಛಾವಣಿ ಹಳೆಯ ಸಿಮೆಂಟ್ ಶೀಟಾಗಿದ್ದರೆ ಅದಕ್ಕೆ ಡ್ರಿಲ್ ಹೊಡೆಸಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಫ್ರೇಮನ್ನು ಕೆಳಗಿನ ಕಬ್ಬಿಣದ ಪೈಪಿಗೇ ಕಟ್ಟಿಸಿ.

ಹೋದ ಬೇಸಿಗೆಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಒಬ್ಬ ಅಕ್ಕ ಕರೆದಿದ್ದರು. ತಗಡಿನ ರೂಮಿನಲ್ಲೇ ಅವರ ಒಲೆ, ಏಳಡಿ ಎತ್ತರದಲ್ಲಿ ಬರಿಮೈ ಥರ್ಮಾಕೋಲ್. ಒಲೆಯ ನೇರ ಮೇಲೆ ಶೀಟು ತಟ್ಟೆಯಗಲ ತಗ್ಗಾಗಿತ್ತು, ಅಂಚು ಹಳದಿ. ದಿನದಿನದ ಶಾಖಕ್ಕೇ ಅಷ್ಟು ಕುಗ್ಗಿತ್ತು. ನಾನು ಕಡ್ಡಿ ಗೀರಬೇಕಾಗಲಿಲ್ಲ. ‘ಮೊದಲು ಒಲೆ ಕೆಳಗಿಳಿಸಿ ಅಕ್ಕ, ಬೋರ್ಡು ಆಮೇಲೆ’ ಎಂದೆ. ಅವತ್ತು ಸಂಜೆಯೇ ಮಗಳೂ ಅವರೂ ಸೇರಿ ಒಲೆ, ಸಿಲಿಂಡರು ಎರಡನ್ನೂ ಕೆಳಗಿನ ಆರ್‌ಸಿಸಿ ಮನೆಗೆ ಸಾಗಿಸಿದರು. ಬೋರ್ಡಿನ ಹಣ ಎರಡು ಕಂತಿನಲ್ಲಿ ಕೊಟ್ಟರು. ಈಗ ಆ ರೂಮಿನಲ್ಲಿ ಮಗಳು ಪಿಯುಸಿ ಓದುತ್ತಿದ್ದಾಳೆ. ಬೋರ್ಡಿಗೆ ಬಣ್ಣ ಇನ್ನೂ ಹೊಡೆಸಿಲ್ಲ. ಅದು ದೀಪಾವಳಿ ತನಕ ಕಾಯಬಹುದು ಅಂತ ನಾನೇ ಹೇಳಿದ್ದೇನೆ.