ಬಾಂಡ್ ಪೇಪರ್ ಇಲ್ಲ, ಕಂಟ್ರಾಕ್ಟರ್ ಮಾಡಿದ ನಷ್ಟ ಕೇಳಬಹುದೇ?

ಪ್ರಶ್ನೆ: ಮೂಡಿಗೆರೆಯಲ್ಲಿ ಹಳೆ ಮನೆಯ ಪಕ್ಕ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಕಂಟ್ರಾಕ್ಟರ್ ಜೆಸಿಬಿ ತಂದು ಧರೆಯನ್ನು (ಮನೆ ಪಕ್ಕದ ಮಣ್ಣಿನ ದಿಬ್ಬವನ್ನು) ನೆಟ್ಟಗೆ ಕಡಿಸಿದರು. ಜುಲೈ ಮಳೆಗೆ ಅದು ಕುಸಿದು ಹಳೆ ಅಡುಗೆಮನೆ ಗೋಡೆ ಬಿರುಕು ಬಿಟ್ಟಿದೆ. ಬಾಂಡ್ ಪೇಪರಲ್ಲಿ ಏನೂ ಬರೆಸಿಲ್ಲ. ಸುಮ್ಮನಾಗಬೇಕೇ?

ಸುಮ್ಮನಾಗಬೇಡಿ. ಸಕಲೇಶಪುರದಿಂದ ಕೊಪ್ಪದವರೆಗೆ ಪ್ರತಿ ಮಳೆಗಾಲದಲ್ಲೂ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಅದೇ ಬಾಂಡ್ ಪೇಪರ್ ಅಡ್ಡ ಬರುತ್ತದೆ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ಮನೆ ಕಟ್ಟುವ ಒಪ್ಪಂದ ಬರಹದಲ್ಲೇ ಇರಬೇಕೆಂದು 1872ರ ಒಪ್ಪಂದ ಕಾಯ್ದೆ ಹೇಳುವುದಿಲ್ಲ. ಚದರಕ್ಕೆ ಇಷ್ಟೆಂದು ಮಾತಾಡಿ, ಮುಂಗಡ ಕೊಟ್ಟು, ಅವರು ಕೆಲಸ ಶುರು ಮಾಡಿದರೆ ಒಪ್ಪಂದ ಆಯಿತು. ಅದು ಮುರಿದು ನಷ್ಟವಾದರೆ ಪರಿಹಾರ ಕೇಳುವ ಹಕ್ಕು 73ನೇ ಕಲಮಿನಲ್ಲಿದೆ. ಬಾಂಡ್ ಪೇಪರ್ ಒಂದು ಸಾಕ್ಷಿ ಮಾತ್ರ. ಫೋನ್‌ಪೇ ಪಾವತಿ, ಪಾಸ್‌ಬುಕ್, ಲೆಕ್ಕ ಬರೆದ ಚೀಟಿ, ‘ನಾಳೆ ಜೆಸಿಬಿ ಬರುತ್ತೆ’ ಎಂಬ ವಾಟ್ಸಾಪ್ ಸಂದೇಶ, ಕೆಲಸ ಕಂಡ ಮೇಸ್ತ್ರಿಯ ಮಾತು ಇವೂ ಸಾಕ್ಷಿಯೇ. ಆ ಫೋನ್ ಮಾರಬೇಡಿ, ಚಾಟ್ ಅಳಿಸಬೇಡಿ. ಈಗ ಹೋಗಿ ಹಳೆ ತಾರೀಕು ಹಾಕಿ ಬರೆಸಲಂತೂ ಬೇಡ. ಇ-ಸ್ಟ್ಯಾಂಪ್ ಮೇಲೆ ಕೊಂಡ ದಿನ, ಗಂಟೆ ಎರಡೂ ಅಚ್ಚಾಗಿರುತ್ತವೆ. ಇದ್ದ ಕೇಸೂ ಅಲ್ಲಿಗೆ ಮುಗಿಯುತ್ತದೆ.

ಬಹಳ ಜನ ತಪ್ಪುವುದು ರಿಪೇರಿಯಲ್ಲಿ. ಕಂಟ್ರಾಕ್ಟರ್ ಬಂದು ಬಿರುಕಿಗೆ ಸಿಮೆಂಟ್ ಮೆತ್ತಿದರೆ ಸಾಕ್ಷಿಯೂ ಮುಚ್ಚಿಹೋಗುತ್ತದೆ. ಮೊದಲು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ, ವಾರಕ್ಕೊಮ್ಮೆ ನೋಡಿ. ಗೆರೆ ದಾಟಿದರೆ ಗೋಡೆ ಇನ್ನೂ ಸರಿಯುತ್ತಿದೆ, ಆ ಕೋಣೆ ಖಾಲಿ ಮಾಡಿ. ಸಿವಿಲ್ ಎಂಜಿನಿಯರ್ ವರದಿಯಲ್ಲಿ ಖರ್ಚಿನ ಅಂದಾಜಿನ ಜೊತೆ ಕಾರಣವೂ ಇರಬೇಕು: ಧರೆಯ ಎತ್ತರ, ಇಳಿಜಾರು ಬಿಡದೆ ಕಡಿದದ್ದು, ಮೇಲಿನ ನೀರಿಗೆ ಚರಂಡಿ ತೆಗೆಯದ್ದು. ‘ಮಳೆ ಬಂದರೆ ನಾನೇನು ಮಾಡಲಿ’ ಎಂಬ ಮಾತಿಗೆ ಉತ್ತರ ಅದರಲ್ಲೇ ಇದೆ. ಮೂಡಿಗೆರೆಯಲ್ಲಿ ಜುಲೈ ಮಳೆ ಯಾರಿಗೆ ಗೊತ್ತಿಲ್ಲ?

ಆಮೇಲೆ 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಜಗ್ಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ‘ಸೇವೆ’. ಎರಡು ವರ್ಷದೊಳಗೆ ದೂರು ಕೊಡಬೇಕು, ವಕೀಲರು ಕಡ್ಡಾಯವಲ್ಲ. ಕಂಟ್ರಾಕ್ಟರಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 20ರಿಂದ 50 ಲಕ್ಷವಾದರೆ 1,000 ರೂಪಾಯಿ. ದಿನಗೂಲಿ ಕೊಟ್ಟು ನೀವೇ ನಿಂತು ಕೆಲಸ ಮಾಡಿಸಿದ್ದರೆ ಈ ದಾರಿ ಕಷ್ಟ. ಕಟ್ಟುತ್ತಿರುವುದು ಹೋಂಸ್ಟೇ ಆದರೆ ‘ವಾಣಿಜ್ಯ ಉದ್ದೇಶ’ ಎಂಬ ತಕರಾರು ಏಳುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಬೇಕು: ಅದೇ ಧರೆಯ ಮೇಲೆ ಪಕ್ಕದವರ ಜಾಗವಿದ್ದರೆ? ಅವರ ನೆಲಕ್ಕೆ ನಿಮ್ಮ ನೆಲ ಕೊಡುವ ಆಸರೆಯನ್ನು 1882ರ ಈಸ್‌ಮೆಂಟ್ ಕಾಯ್ದೆ ಹಕ್ಕೆಂದೇ ಗುರುತಿಸಿದೆ. ಅವರು ಕಂಟ್ರಾಕ್ಟರನ್ನಷ್ಟೇ ಅಲ್ಲ, ನಿಮ್ಮನ್ನೂ ಸಿವಿಲ್ ಕೋರ್ಟಿಗೆ ಎಳೆಯಬಹುದು. ಅದಕ್ಕೇ ಜೆಸಿಬಿ ಬರುವ ಮುಂಚೆ ಪಕ್ಕದವರನ್ನು ಕರೆದು, ಅವರ ಗೋಡೆಯಲ್ಲಿ ಮೊದಲೇ ಇರುವ ಬಿರುಕುಗಳ ಫೋಟೋ ತೆಗೆದು, ತಾರೀಕಿನೊಂದಿಗೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.